ಬಾವಿಯಿಂದ ಹೊಲಕ್ಕೆ ಪೈಪ್‌ಲೈನ್: ನಕ್ಷೆಯಲ್ಲಿ ಕಾಣುವ ದಿಬ್ಬವನ್ನು ನಂಬಲೇ?

ಎರೆಹೊಲ:
ನಮ್ಮದು ಚಿತ್ತಾಪುರ ತಾಲ್ಲೂಕು. ಹಳ್ಳದ ಪಕ್ಕದ ಬಾವಿಯಿಂದ ಮೇಲಿನ ಹೊಲಕ್ಕೆ ನೀರು ಒಯ್ಯಬೇಕು. ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆದರೆ 1.9 ಕಿ.ಮೀ. ಬಂತು. ನಕ್ಷೆಯ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಹಾಕಿ ನೋಡಿದೆ: ಬಾವಿಯ ದಡ 398 ಮೀಟರ್, ಹೊಲ 416, ನಡುವೆ ಒಂದು ಕಡೆ 425! ಅದೇ ದಾರಿಯಲ್ಲಿ ಬಂಡಿ ಹೊಡೆದು ಬೆಳೆದವನು ನಾನು. ಎತ್ತುಗಳು ಅಲ್ಲಿ ಏದುಸಿರು ಬಿಟ್ಟಿದ್ದನ್ನು ಕಂಡಿಲ್ಲ. ಪಂಪಿನ ಅಂಗಡಿಯವರು 425ಕ್ಕೇ ಲೆಕ್ಕ ಹಾಕಿ ದೊಡ್ಡ ಮೋಟಾರ್ ಬೇಕೆನ್ನುತ್ತಾರೆ. ಕಂಪ್ಯೂಟರಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಅಪ್ಪ. ಸುತ್ತಿ ಹೋಗಲೇ, ನೇರ ಹೋಗಲೇ?

ಹಳೆಯ ಸರಪಳಿ:
ಅಲ್ಲಿ ಮಾವಿನ ತೋಪೋ ಹುಣಸೆ ತೋಪೋ ಇದೆಯೇ? ಈಗ ಇಲ್ಲದಿದ್ದರೆ, ಮೊದಲು ಇತ್ತೇ? ಎಸ್‌ಆರ್‌ಟಿಎಂ ಎಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರ್‌ನಿಂದ ಅಳೆದ ಎತ್ತರ. ದಟ್ಟ ಮರಗಳಿದ್ದರೆ ಆ ರೇಡಾರ್ ಬುಡದವರೆಗೆ ಇಳಿಯುವುದಿಲ್ಲ, ಕೊಂಬೆಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಆ ದತ್ತಾಂಶದ ಒಂದು ಚೌಕದ ಬದಿ ಸುಮಾರು 30 ಮೀಟರ್. ಎರಡೆಕರೆ ತೋಪು ಅಂಥ ಒಂಬತ್ತು ಚೌಕ ನುಂಗುತ್ತದೆ, ಬಯಲಿನಲ್ಲಿ ಗುಡ್ಡ ಎದ್ದು ಕೂರುತ್ತದೆ. ಬೀದರ್ ಕಡೆ ಕುಡಿಯುವ ನೀರಿನ ಲೈನ್ ಸಮೀಕ್ಷೆಯಲ್ಲಿ ನಾನೇ ಒಂದು ತೋಪನ್ನು ಗುಡ್ಡವೆಂದು ಬರೆದು ಬೈಸಿಕೊಂಡಿದ್ದೇನೆ.

ಹಾಗೆಂದು ನಕ್ಷೆ ಬಿಸಾಡಬೇಡಿ. ನೆಲ ಎತ್ತ ವಾಲಿದೆ, ಹಳ್ಳ ಎಲ್ಲಿ ದಾಟಬೇಕು ಎಂಬುದಕ್ಕೆ ಅದು ಸಾಕು. ನಾಲ್ಕೈದು ಮೀಟರಿನ ವ್ಯತ್ಯಾಸದ ಮೇಲೆ ಮೋಟಾರ್ ಕೊಳ್ಳುವುದಕ್ಕೆ ಮಾತ್ರ ಸಾಲದು. ಗೌಂಡಿಗಳು ಬಳಸುವ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಗುಳ್ಳೆ ಉಳಿಯದಂತೆ ನೋಡಿಕೊಂಡು, ಹೊಲದ ಬದುವಿನಿಂದ ಆ ಜಾಗದವರೆಗೆ ಹಂತಹಂತವಾಗಿ ಮಟ್ಟ ಹಿಡಿಯಿರಿ. ಇಬ್ಬರು ಸಾಕು, ಬೆಳಗಿನ ಹೊತ್ತು ಸಾಕು.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ: ಎತ್ತುವ ಲೆಕ್ಕ ಬಾವಿಯ ದಡದಿಂದಲ್ಲ, ಏಪ್ರಿಲ್-ಮೇ ತಿಂಗಳ ನೀರಿನ ಮಟ್ಟದಿಂದ. ಅದರ ಮೇಲೆ ಪೈಪಿನ ಒಳಗಿನ ಘರ್ಷಣೆ. ಹತ್ತು ಮೀಟರ್ ನೀರಿಗೆ ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ, ಪೈಪಿನ ದರ್ಜೆ ಅದಕ್ಕೆ ತಕ್ಕಂತಿರಲಿ. ಲೈನಿನ ಉಬ್ಬಿನಲ್ಲಿ ಗಾಳಿ ಕವಾಟ ಮರೆಯಬೇಡಿ.

ಪರ್ಸಿ ಗಣಿ ಪಕ್ಕದವ:
ಎತ್ತರವೊಂದನ್ನೇ ನೋಡಿ ದಾರಿ ಹುಡುಕಿದರೆ ನಮ್ಮ ಸೀಮೆಯಲ್ಲಿ ನೇರ ಹಾಸುಗಲ್ಲಿನ ಮೇಲೆ ಹೋಗಿ ನಿಲ್ಲುತ್ತೀರಿ. ನಾನು ಸಾಫ್ಟ್‌ವೇರ್‌ಗೆ ಇಳಿಜಾರು ಮಾತ್ರ ಕೊಟ್ಟೆ. ಅದು ಚೆಂದದ ಗೆರೆ ಎಳೆಯಿತು, ಎರಡಡಿ ಅಗೆಯುವಷ್ಟರಲ್ಲಿ ಜೆಸಿಬಿಯ ಹಲ್ಲು ಶಹಾಬಾದಿ ಕಲ್ಲಿಗೆ ತಾಗಿತು. ಬೇಸಿಗೆಯ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ, 10 ಮೀಟರ್ ಸ್ಪಷ್ಟತೆ, ಹಣ ಕೊಡಬೇಕಿಲ್ಲ. ಬೆಳೆ ಇಲ್ಲದಾಗ ಆಳವಾದ ಎರೆ ಕಪ್ಪಗೆ ಕಾಣುತ್ತದೆ, ಕಲ್ಲು ಮೇಲೆ ಬಂದ ಪಟ್ಟಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದ ಕಡೆ ಹಾರೆ ಹಾಕಿ ನೋಡಿ. ಎರೆಯಲ್ಲಿ ಪೈಪಿನ ಕೆಳಗೆ ಮರಳು ಹಾಸಲೇಬೇಕು. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಮಣ್ಣು ಜೋಡಣೆಯನ್ನು ಎಳೆದುಬಿಡುತ್ತದೆ.

ಎರೆಹೊಲ:
ಸರಪಳಿಯವರೇ, ನೀವು ಹೇಳಿದ್ದೇ ಸರಿ. ಅದು ಮಾವಿನ ತೋಪು. ಅರ್ಧ ಕಡಿದು ಎಂಟು ವರ್ಷವಾಯಿತು. ಅಪ್ಪನೇ ಕೊಳವೆಯ ಒಂದು ತುದಿ ಹಿಡಿದರು. ಮಟ್ಟ ಹೊಲಕ್ಕಿಂತ ಎರಡೇ ಮೀಟರ್ ಮೇಲೆ! ಅಂಗಡಿಯವರಿಗೆ ಹೊಸ ಲೆಕ್ಕ ಕೊಟ್ಟಿದ್ದೇನೆ. ಬಾವಿಯ ಬೇಸಿಗೆ ಮಟ್ಟ ಸೇರಿಸಿದ್ದರಿಂದ ಮೋಟಾರ್ ನಾನು ಅಂದುಕೊಂಡಷ್ಟು ಚಿಕ್ಕದಾಗಲಿಲ್ಲ.

ದಾರಿ ಈಗ ಬಂಡಿದಾರಿಯ ಅಂಚಿನಲ್ಲಿ. ಜಮೀನಿನ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳ ಗೆರೆ ಹಿಡಿದು ನಡೆದೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಹೊಲದವರೆಗೂ ಇದೆ, ನೆಲದ ಮೇಲೆ ಕೊನೆಯ ಇನ್ನೂರು ಮೀಟರಿನಲ್ಲಿ ತೊಗರಿ ಬೆಳೆದು ನಿಂತಿದೆ. ಬಿತ್ತಿದವರು ನಮ್ಮ ಸೋದರಮಾವ. ರಾಶಿ ಮುಗಿಯಲಿ, ಮಾತಾಡೋಣ ಎಂದಿದ್ದಾರೆ.