ನೋವು ‘ಇಳಿಯುವುದು’: ಅಪೆಂಡಿಸೈಟಿಸ್ ಲಕ್ಷಣಗಳನ್ನು ಹೇಳುವ ಕ್ರಿಯಾಪದಗಳು

ಮಾನ್ಯರೇ,

ಉಡುಪಿಯ ಆಸುಪಾಸಿನ ಹೈಸ್ಕೂಲು ಮಕ್ಕಳ ಹೆತ್ತವರಿಗಾಗಿ ಅಪೆಂಡಿಸೈಟಿಸ್ (ದೊಡ್ಡ ಕರುಳಿಗೆ ಅಂಟಿಕೊಂಡಿರುವ ‘ಅಪೆಂಡಿಕ್ಸ್’ ಎಂಬ ಸಣ್ಣ ಕೊಳವೆ ಬಾತುಕೊಳ್ಳುವ ಕಾಯಿಲೆ) ಕುರಿತು ಎರಡು ಪುಟದ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಈ ಕಾಯಿಲೆ 10ರಿಂದ 30 ವರ್ಷದೊಳಗಿನವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ‘ಕರುಳುವಾಳದ ಉರಿಯೂತ’ ಎಂದು ಬರೆಯುವವರಿದ್ದರೂ ನಮ್ಮಲ್ಲಿ ಜನ ಹೇಳುವುದು ‘ಅವನಿಗೆ ಅಪೆಂಡಿಕ್ಸ್ ಅಂತೆ’ ಎಂದೇ. ಅಂಗದ ಹೆಸರನ್ನೇ ರೋಗಕ್ಕೂ ಹೇಳುವುದು ಶಾಸ್ತ್ರಕ್ಕೆ ಒಪ್ಪದಿದ್ದರೂ ವ್ಯವಹಾರಕ್ಕೆ ಸಾಕು. ‘ಉರಿಯೂತ’ ಎಂದರೆ ಎದೆಯುರಿ, ಉರಿಮೂತ್ರಗಳನ್ನು ಬಲ್ಲ ಓದುಗರು ಹೊಟ್ಟೆಯಲ್ಲಿ ಉರಿ ಇದೆಯೇ ಎಂದು ನೋಡಿಯಾರು. ಇದು ಉರಿಯುವ ನೋವಲ್ಲ. (‘ಹೊಟ್ಟೆಯುರಿ’ಗಂತೂ ಕನ್ನಡದಲ್ಲಿ ಬೇರೆಯೇ ಕೆಲಸವಿದೆ.)

ತೊಡಕಿರುವುದು ಲಕ್ಷಣಗಳನ್ನು ಹೇಳುವಲ್ಲಿ. ಮೊದಲು ನೋವು ಹೊಕ್ಕುಳಿನ ಸುತ್ತ, ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದಂತೆ ಇರುತ್ತದೆ. ಅನಂತರ ಸಾಮಾನ್ಯವಾಗಿ 24 ಗಂಟೆಯೊಳಗೆ ಹೊಟ್ಟೆಯ ಬಲಭಾಗದ ಕೆಳಗೆ ಬಂದು ನಿಲ್ಲುತ್ತದೆ, ಆಗ ಜಾಗವನ್ನು ತೋರಿಸಲು ಸಾಧ್ಯವಾಗುತ್ತದೆ. ಈ ಚಲನೆಗೆ ‘ಹರಡುತ್ತದೆ’ ಎನ್ನುವಂತಿಲ್ಲ, ಏಕೆಂದರೆ ಮೊದಲಿನ ಜಾಗದಲ್ಲಿ ನೋವು ಉಳಿಯದೆಯೂ ಇರಬಹುದು. ‘ಸ್ಥಳಾಂತರಗೊಳ್ಳುತ್ತದೆ’ ಎಂದರೆ ಕಚೇರಿಯ ಆದೇಶದಂತೆ ಕೇಳಿಸುತ್ತದೆ. ‘ಬಲಕ್ಕೆ ಇಳಿಯುತ್ತದೆ’ ಎಂದು ಬರೆಯೋಣವೆಂದರೆ, ನೋವು ಇಳಿಯಿತು ಎಂದರೆ ಕಡಿಮೆಯಾಯಿತು ಎಂದೇ ಅರ್ಥ. ಇಲ್ಲಿ ಆ ಗೊಂದಲಕ್ಕೆ ಎಡೆಗೊಡಬಾರದು: ವಿಪರೀತವಾಗಿದ್ದ ನೋವು ಚಿಕಿತ್ಸೆಯಿಲ್ಲದೆ ಥಟ್ಟನೆ ಇಳಿದರೆ ಅಪೆಂಡಿಕ್ಸ್ ಒಡೆದಿರುವ ಸಾಧ್ಯತೆಯೂ ಉಂಟು, ಮತ್ತೆ ಸ್ವಲ್ಪ ಹೊತ್ತಿನಲ್ಲೇ ಇಡೀ ಹೊಟ್ಟೆ ನೋಯತೊಡಗುತ್ತದೆ. ‘ಸರಿಯುತ್ತದೆ’ ಎಂಬುದು ಬರಹದಲ್ಲಿ ಸ್ಪಷ್ಟವಾಗಿದ್ದರೂ ಗಟ್ಟಿಯಾಗಿ ಓದಿ ಹೇಳುವಾಗ ‘ಸರಿಯಾಗುತ್ತದೆ’ ಎಂದು ಕೇಳಿಸೀತು.

ಎರಡನೆಯದು, ವೈದ್ಯರು ಹೊಟ್ಟೆಯನ್ನು ನಿಧಾನವಾಗಿ ಒತ್ತಿ ಫಕ್ಕನೆ ಕೈ ತೆಗೆದಾಗ ಹೆಚ್ಚಾಗುವ ನೋವು. ‘ಒತ್ತಿದರೆ ನೋವು’ ಎಂಬುದು ಅರ್ಧ ಮಾತು; ಇಂಗ್ಲಿಷಿನ ‘ರಿಬೌಂಡ್’ ಅನ್ನು ಅನುವಾದಿಸಿ ‘ಮರುಚಿಮ್ಮು ನೋವು’ ಎಂದರೆ ಯಾರ ಬಾಯಲ್ಲೂ ನಿಲ್ಲದು. ಮನೆಯವರು ಒತ್ತಿ ಪರೀಕ್ಷಿಸುವುದು ಬೇಡವಾದ ಕಾರಣ, ‘ಕೆಮ್ಮಿದಾಗ, ಬಸ್ಸು ಹಂಪು ದಾಟುವಾಗ ಬಲಗಡೆ ಚುಚ್ಚುತ್ತದೆ’ ಎಂದು ಬರೆದಿದ್ದೇನೆ. ಮಗು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಬಗ್ಗಿ, ಮೆಲ್ಲಗೆ ಹೆಜ್ಜೆಯಿಡುವುದನ್ನೂ ಸೇರಿಸಿದ್ದೇನೆ.

‘ಹಸಿವಿಲ್ಲ’ ಎಂಬುದಕ್ಕಿಂತ ‘ಗಂಜಿಯೂ ಸೇರುವುದಿಲ್ಲ’ ಎಂಬುದು ನಮ್ಮವರಿಗೆ ಬೇಗ ತಾಗುತ್ತದೆ. ವಾಂತಿ ಸಾಮಾನ್ಯವಾಗಿ ನೋವಿನ ಬಳಿಕ ಬರುತ್ತದೆ, ಜ್ವರ ಮೊದಮೊದಲು ಅಲ್ಪ. ಎಲ್ಲ ಹೊಟ್ಟೆನೋವನ್ನೂ ‘ಗ್ಯಾಸ್ಟ್ರಿಕ್’ ಎನ್ನುವ ರೂಢಿಯಿಂದಾಗಿ ಓಮದ ಕಷಾಯದಲ್ಲಿ ಹೊತ್ತು ಕಳೆಯುತ್ತದೆ; ಭೇದಿಯಾಗಲೆಂದು ಹರಳೆಣ್ಣೆ ಕುಡಿಸುವುದಂತೂ ಅಪಾಯಕರ. ಸಣ್ಣ ಮಕ್ಕಳು, ಗರ್ಭಿಣಿಯರು, ವೃದ್ಧರಲ್ಲಿ ಲಕ್ಷಣಗಳು ಹೀಗೆಯೇ ಇರಬೇಕೆಂದಿಲ್ಲವೆಂಬ ಮಾತನ್ನು ಪ್ರತ್ಯೇಕವಾಗಿ ಬರೆಯುತ್ತೇನೆ.

ತುಳುವಿನ ‘ಬಂಜಿಬೇನೆ’ ಎಲ್ಲ ಹೊಟ್ಟೆನೋವಿಗೂ ಸಲ್ಲುವುದರಿಂದ ಅದರಿಂದ ಇಲ್ಲಿ ನೆರವಿಲ್ಲ. ನೋವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿ ನಿಲ್ಲುವುದಕ್ಕೆ ಕುಂದಾಪುರ, ಕಾರ್ಕಳ, ಮಂಗಳೂರು ಕಡೆಯ ಮನೆಮಾತಿನಲ್ಲಿ ಬಳಸುವ ಕ್ರಿಯಾಪದ ಯಾವುದು? ಕೇಳಿ ಬಲ್ಲವರು ಅದು ಬಂದ ಪೂರ್ತಿ ವಾಕ್ಯದೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.