ಸಹಾಯ ಬೇಕು: ಅಕ್ಕನ ಮಗನ ಟ್ರೈಗ್ಲಿಸರೈಡ್ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 1,000 ದಾಟಿದೆ. ತೆಗೆದ ರಕ್ತದ ಸೀರಂ (ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಹಾಲಿನಂತೆ ಬೆಳ್ಳಗಿರುತ್ತದೆ. ಮೇದೋಜೀರಕ ಗ್ರಂಥಿ ಊದಿಕೊಂಡೀತು ಎಂಬ ಭಯ ನಮಗೆ.

ಕೊಬ್ಬು ಒಡೆಯುವ ಲೈಪೊಪ್ರೋಟೀನ್ ಲೈಪೇಸ್ ಕಿಣ್ವ ರಕ್ತನಾಳದ ಒಳಗೋಡೆಯಲ್ಲಿ ಇದ್ದರೆ ಸಾಲದು. ಅದನ್ನು ಚುರುಕುಗೊಳಿಸಲು ರಕ್ತದಲ್ಲಿ ಅಪೊ ಸಿ-2 ಎಂಬ, ಬರೀ 79 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್ ಬೇಕು. ಇವನಲ್ಲಿ ಕೊರತೆ ಕಿಣ್ವದ್ದೋ, ಈ ಪ್ರೋಟೀನಿನದ್ದೋ ತಿಳಿಯಬೇಕಿದೆ. ಪ್ರೋಟೀನಿನದ್ದಾದರೆ ತುರ್ತಿನಲ್ಲಿ ಆ ಪ್ರೋಟೀನ್ ಇರುವ ದಾನಿಯ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಟ್ಟು ತಾತ್ಕಾಲಿಕವಾಗಿ ಇಳಿಸಬಹುದು, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಯಾರಾದರೂ ಇದರ ಜೀನ್ ಪರೀಕ್ಷೆ ಮಾಡಿಸಿದ್ದೀರಾ? ಎಷ್ಟು ಖರ್ಚಾಯಿತು? ಎಣ್ಣೆ, ತುಪ್ಪ, ಕಾಯಿ ಬಿಟ್ಟು ಮಕ್ಕಳು ಇಷ್ಟಪಟ್ಟು ತಿನ್ನುವ ಅಡುಗೆ ಏನು ಮಾಡುತ್ತೀರಿ? ಎಂಸಿಟಿ ಎಣ್ಣೆ (ಮಧ್ಯಮ ಸರಪಳಿ ಕೊಬ್ಬಿನ ವಿಶೇಷ ಎಣ್ಣೆ) ಬಳಸಿದವರು ದಯವಿಟ್ಟು ತಿಳಿಸಿ.