ಸಹಾಯ ಬೇಕು: ನಾಯಿಯ ಗಾಯ ನೋಡಿ ಲೈಂಗಿಕ ದೌರ್ಜನ್ಯದ ಅನುಮಾನ

ಪಶುವೈದ್ಯ ಮಿತ್ರರೇ, ದಯವಿಟ್ಟು ಓದಿ.

ನನ್ನ ಬಳಿ ಬರುವ ಒಂದು ಹೆಣ್ಣು ನಾಯಿಗೆ ಬಾಲದ ಕೆಳಗೆ ಮತ್ತೆ ಮತ್ತೆ ಗಾಯ ಆಗುತ್ತಿದೆ. ಯೋನಿಯ ಒಳಗೂ ಹರಿದಿತ್ತು. ಮನೆಯವರು ಹೇಳುವ ಕಾರಣ ಪ್ರತಿ ಸಲ ಬೇರೆ. ಅವರಲ್ಲಿ ಒಬ್ಬರು ಹತ್ತಿರ ಬಂದರೆ ಸಾಕು, ಬಾಲ ಮುದುರಿಕೊಂಡು ನಡುಗುತ್ತದೆ.

ಹಾಗಂತ ಸುಮ್ನೆ ಯಾರ ಮೇಲೂ ಆರೋಪ ಹೊರಿಸುವಂತಿಲ್ಲ. ಸೋಂಕು, ಗೆಡ್ಡೆ, ಗುದಗ್ರಂಥಿಯ ಕೀವು ಕೂಡ ಹೀಗೇ ಕಾಣಬಹುದು. ಭಯ ಒಂದೇ ಸಾಕ್ಷಿ ಆಗಲ್ಲ, ಅಲ್ವಾ? ಆದರೆ ಲೈಂಗಿಕ ದೌರ್ಜನ್ಯದ ಸಾಧ್ಯತೆ ನಮ್ಮ ತಲೆಯಲ್ಲೇ ಇಲ್ಲದಿದ್ದರೆ ಅದು ಕಣ್ಣಿಗೂ ಬೀಳುವುದಿಲ್ಲ. ಬ್ರಿಟನ್ನಿನ ಪಶುವೈದ್ಯರು ವರದಿ ಮಾಡಿದ 448 ಹಿಂಸೆ ಪ್ರಕರಣಗಳಲ್ಲಿ ಶೇ 6ರಷ್ಟು ಲೈಂಗಿಕ ದೌರ್ಜನ್ಯದವು ಎಂದು ಸಂಶೋಧಕರಾದ ಮನ್ರೋ ಮತ್ತು ಥ್ರಸ್‌ಫೀಲ್ಡ್ 2001ರಲ್ಲೇ ಬರೆದಿದ್ದರು.

ನಾಳೆ ಮತ್ತೆ ಕರೆತರುತ್ತಾರೆ. ಗಾಯ ತೊಳೆಯುವ ಮೊದಲೇ ಸ್ವಾಬ್ (ಹತ್ತಿಕಡ್ಡಿಯಲ್ಲಿ ಮಾದರಿ) ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುತ್ತೇನೆ. ಇಡೀ ದೇಹದ ಎಕ್ಸ್‌ರೇ ಕೂಡ ಮಾಡಿಸುತ್ತೇನೆ, ಹಳೆಯ ಮೂಳೆಮುರಿತ ಇದ್ದರೆ ತಿಳಿಯುತ್ತದೆ.

ಇಂಥ ಪ್ರಕರಣ ನಿಭಾಯಿಸಿದವರು ಹೇಳಿ. ಸ್ವಾಬನ್ನು ಹೇಗೆ ಒಣಗಿಸಿ, ಸೀಲ್ ಮಾಡಿ ಇಡುತ್ತೀರಿ? ಅನುಮಾನ ಬರದಂತೆ ನಾಯಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಲು ಮನೆಯವರಿಗೆ ಏನು ಹೇಳುತ್ತೀರಿ? ಆ ಮನೆಯಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ. ಇವತ್ತೇ ಉತ್ತರಿಸಿದರೆ ತುಂಬಾ ಉಪಕಾರ.